ಒಂದು ಸ್ಮೂಟ್ ಅಂದರೆ ಎಷ್ಟು?

ನಮಸ್ಕಾರ ಕೇಳುಗರೇ.

1958ರ ಅಕ್ಟೋಬರ್. ಅಮೆರಿಕದ ಬಾಸ್ಟನ್, ಕೇಂಬ್ರಿಡ್ಜ್ ಊರುಗಳ ನಡುವೆ ಇರುವ ಹಾರ್ವರ್ಡ್ ಸೇತುವೆ. ಅಲ್ಲಿನ ಎಂಐಟಿ ಅನ್ನೋ ತಾಂತ್ರಿಕ ವಿದ್ಯಾಸಂಸ್ಥೆಯ ಕೆಲವು ಹುಡುಗರು ತಮ್ಮ ಗೆಳೆಯ ಆಲಿವರ್ ಸ್ಮೂಟ್‌ನನ್ನು ಸೇತುವೆ ಮೇಲೆ ಉದ್ದಕ್ಕೆ ಮಲಗಿಸಿದರು. ಒಂದು ಗುರುತು ಹಾಕಿದರು. ಏಳು, ಮುಂದೆ ಹೋಗಿ ಮಲಗು. ಮತ್ತೊಂದು ಗುರುತು. ಕೊನೆಕೊನೆಗೆ ಅವನಿಗೆ ಸುಸ್ತಾಗಿ, ಗೆಳೆಯರೇ ಎತ್ತಿ ಎತ್ತಿ ಮಲಗಿಸಬೇಕಾಯಿತು. ಸೇತುವೆಯ ಉದ್ದ 364.4 ಸ್ಮೂಟ್ ಅಂತ ಬರೆದರು. ಒಂದು ಕಿವಿಯಷ್ಟು ಹೆಚ್ಚುಕಡಿಮೆ!

ನಗು ಬರುತ್ತದೆ. ಆದರೆ ಗೇಣು, ಮೊಳ, ಮಾರು ಎಲ್ಲವೂ ಮೈಯಿಂದಲೇ ಹುಟ್ಟಿದವು ಅಲ್ವಾ? ಇಲ್ಲಿ ಯಾರ ಮೈ ಅಂತ ಗೊತ್ತಿದೆ, ಅಷ್ಟೇ. ಇದೇ ಸ್ಮೂಟ್ ಮುಂದೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒಗೆ ಅಧ್ಯಕ್ಷರಾದರು. ಇದಂತೂ ನಿಜ.

ಈಗ ಲೆಕ್ಕಕ್ಕೆ ಬರೋಣ. ಅವನ ಎತ್ತರ 5 ಅಡಿ 7 ಇಂಚು, ಅಂದರೆ 67 ಇಂಚು. ಒಂದು ಇಂಚಿಗೆ 2.54 ಸೆಂಟಿಮೀಟರ್. 1959ರ ಒಪ್ಪಂದದಿಂದ ಇದು ಪಕ್ಕಾ, ಚೂರೂ ಆಚೀಚೆ ಇಲ್ಲ. ಗುಣಿಸಿದರೆ ಒಂದು ಸ್ಮೂಟ್ ಅಂದರೆ 1.7018 ಮೀಟರ್. 364.4 ಸ್ಮೂಟಿನ ಸೇತುವೆ 620.1 ಮೀಟರ್ ಆಯಿತು.

ಅದನ್ನೇ ಸರ್ವೆಯವರ ಚೈನಿನಲ್ಲಿ ಹೇಳಿ ಅಂದರೆ? ಚೈನು ಅಂದರೆ 22 ಗಜ, 20.1168 ಮೀಟರ್. ಕ್ರಿಕೆಟ್ ಪಿಚ್ಚಿನಲ್ಲಿ ಈ ಕಡೆಯ ಸ್ಟಂಪಿನಿಂದ ಆ ಕಡೆಯ ಸ್ಟಂಪಿಗೆ ಇರುವಷ್ಟೇ. ಭಾಗಿಸಿದರೆ 30.8 ಚೈನು. ಹತ್ತು ಚೈನಿಗೆ ಒಂದು ಫರ್ಲಾಂಗು, ಹಾಗಾಗಿ ಮೂರು ಫರ್ಲಾಂಗಿಗಿಂತ ಸ್ವಲ್ಪ ಜಾಸ್ತಿ. ಸ್ಮೂಟಿನಿಂದ ನೇರ ಚೈನಿಗೆ ಹಾರುವ ಸೂತ್ರ ಹುಡುಕಬೇಡಿ. ಮೊದಲು ಮೀಟರಿಗೆ ಬನ್ನಿ, ಅಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಿ. ಅಳತೆ ದೊಡ್ಡದಾದರೆ ಅಂಕಿ ಚಿಕ್ಕದಾಗಬೇಕು. ಹಾಗೆ ಆಗದಿದ್ದರೆ ಭಾಗಿಸುವ ಕಡೆ ಗುಣಿಸಿದ್ದೀರಿ. ನಾನೂ ಎಷ್ಟೋ ಸಲ ಗುಣಿಸಿದ್ದೇನೆ.

ಇನ್ನೊಂದು ಎಡವಟ್ಟು, ನಡುವೆಯೇ ದಶಮಾಂಶ ಕತ್ತರಿಸುವುದು. 1.7018ರ ಬದಲು ಸುಮ್ನೆ 1.7 ಹಿಡಿದು ನೋಡಿ. ಸೇತುವೆ ಸುಮಾರು 66 ಸೆಂಟಿಮೀಟರ್ ಕುಗ್ಗುತ್ತದೆ. ಅಷ್ಟುದ್ದದ ಕಿವಿ ಯಾರಿಗೂ ಇರುವುದಿಲ್ಲ.

ಹೆಸರುಗಳ ಮೇಲೂ ಒಂದು ಕಣ್ಣಿರಲಿ. ನೆಲದ ಮೈಲಿ 1609 ಮೀಟರ್, ಹಡಗಿನವರ ನಾಟಿಕಲ್ ಮೈಲಿ 1852. ನೆಲದ ಒಂದು ಮೈಲಿ ಅಳೆಯಲು ಸ್ಮೂಟ್ 946 ಸಲ ಮಲಗಬೇಕು. ಹಡಗಿನವರ ಮೈಲಿಗೆ ಇನ್ನೂ 142 ಸಲ, ಅದೂ ನೀರಿನ ಮೇಲೆ.

ನಮಸ್ಕಾರ.