ಬೆಲೆಮ್ನೈಟ್ ಹುಡುಕೋಕೆ ಶಹಾಬಾದ್‌ಗೆ ಹೋಗಬೇಡಿ

ನಮಸ್ಕಾರ.

ನಮ್ಮ ಕಲಬುರಗಿ ಹುಡುಗರಿಗೆ ಪಳೆಯುಳಿಕೆ ಹುಡುಕುವ ಹುಚ್ಚು ಹತ್ತಿದರೆ ಮೊದಲು ನೆನಪಾಗುವುದು ಶಹಾಬಾದ್. ಅದು ಸಹಜ. ಶಹಾಬಾದ್, ವಾಡಿ, ಸೇಡಂ, ಮಳಖೇಡ, ಎಲ್ಲಿ ನೋಡಿದರೂ ಸುಣ್ಣದ ಕಲ್ಲು. ಮನೆಯೊಳಗೆ ಫರ್ಸಿ, ಅಂಗಳದಲ್ಲಿ ಫರ್ಸಿ, ಉಳಿದದ್ದು ಸಿಮೆಂಟ್ ಕಾರ್ಖಾನೆಗೆ. ಇಂಗ್ಲೆಂಡಿನ ಸುಣ್ಣದ ಕಲ್ಲಿನಲ್ಲಿ ಬೆಲೆಮ್ನೈಟ್ ಅನ್ನುವ ಪಳೆಯುಳಿಕೆಗಳು ರಾಶಿ ರಾಶಿ ಸಿಗುತ್ತವಂತೆ, ನಮ್ಮಲ್ಲೂ ಸುಣ್ಣದ ಕಲ್ಲೇ ಅಲ್ವಾ, ಯಾಕೆ ಸಿಗಬಾರದು ಅಂತ ಕೇಳುತ್ತಾರೆ.

ಸಿಗಲ್ಲ. ಯಾಕೆ ಅನ್ನೋದನ್ನೇ ಇವತ್ತು ಹೇಳುತ್ತೇನೆ. ಬೆಲೆಮ್ನೈಟ್ ಅಂದರೇನು, ಅದನ್ನು ಕಲ್ಲಿನಿಂದ ಹೇಗೆ ಬಿಡಿಸುತ್ತಾರೆ ಅನ್ನೋದೂ ಮಾತಿನ ನಡುವೆ ಬರುತ್ತದೆ.

ಬೆಲೆಮ್ನೈಟ್ ಸಮುದ್ರದ ಪ್ರಾಣಿ. ಈಗಿನ ಸ್ಕ್ವಿಡ್ ಜಾತಿಗೆ ಹತ್ತಿರದ್ದು. ಹತ್ತು ತೋಳು, ತೋಳಿನಲ್ಲಿ ಕೊಕ್ಕೆ, ಒಳಗೊಂದು ಮಸಿಯ ಚೀಲ. ಚಿಪ್ಪು ಇರುವುದು ಹೊರಗಲ್ಲ, ಮೈಯೊಳಗೆ. ಆ ಚಿಪ್ಪಿನ ಹಿಂದಿನ ತುದಿಗೆ ಕ್ಯಾಲ್ಸೈಟ್ ಅನ್ನುವ ಸುಣ್ಣದ ಖನಿಜದ ಒಂದು ಗಟ್ಟಿ ಕಡ್ಡಿ. ಮುಂದಿನ ಭಾಗದಲ್ಲಿ ಗಾಳಿ ತುಂಬಿದ ಸಣ್ಣ ಸಣ್ಣ ಕೋಣೆಗಳಿದ್ದವು, ಅವು ಮೈಯನ್ನು ಮೇಲೆ ಎತ್ತುತ್ತಿದ್ದವು. ಅದಕ್ಕೆ ಸರಿದೂಗಲಿ ಅಂತ ಹಿಂದೆ ಈ ಭಾರ. ಪ್ರಾಣಿ ಸತ್ತ ಮೇಲೆ ಮೈ ಕೊಳೆಯಿತು, ತೆಳ್ಳನೆ ಕೋಣೆಗಳು ಬಹುಪಾಲು ಪುಡಿಯಾದವು, ಕಡ್ಡಿ ಉಳಿಯಿತು. ಸಂಗ್ರಹಕಾರರು ಬೆಲೆಮ್ನೈಟ್ ಅನ್ನುವುದು ಸಾಮಾನ್ಯವಾಗಿ ಈ ಕಡ್ಡಿಗೇ. ನೋಡೋಕೆ ಥೇಟ್ ಬಂದೂಕಿನ ಗುಂಡು. ಹೊಸ ಹುಡುಗರ ಕೈಗೆ ಕೊಟ್ಟರೆ "ಸರ, ಇದು ಎಲ್ಲಿ ಸಿಕ್ಕಿತ್ರಿ, ಮಿಲಿಟರಿಯವರದೇನ್ರಿ?" ಅನ್ನುವವರೇ ಜಾಸ್ತಿ.

ಈ ಕಡ್ಡಿ ಅಡ್ಡಕ್ಕೆ ಮುರಿದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನಿಜವಾಗಿ ನೋಡಬೇಕಾದ್ದು ಆ ಮುರಿದ ಮುಖವನ್ನೇ. ಒಂದು ಹನಿ ನೀರು ಹಚ್ಚಿ, ಬಿಸಿಲಿಗೆ ಹಿಡಿದು, ಲೆನ್ಸಿನಲ್ಲಿ ನೋಡಿ. ನಡುವಿನ ಚುಕ್ಕೆಯಿಂದ ಅಂಚಿನವರೆಗೆ ಕ್ಯಾಲ್ಸೈಟ್ ಎಳೆಗಳು ಸುತ್ತಲೂ ಹರಡಿರುತ್ತವೆ. ಅವುಗಳ ಅಡ್ಡಕ್ಕೆ ಒಂದರ ಸುತ್ತ ಒಂದು ಉಂಗುರ, ಪ್ರಾಣಿ ಬೆಳೆದ ಹಾಗೆ ಕೂಡಿಕೊಂಡದ್ದು. ಈ ಎಳೆ ಕಂಡರೆ ಬೆಲೆಮ್ನೈಟ್ ಅಂತ ಧೈರ್ಯವಾಗಿ ಹೇಳಬಹುದು. ಕಾಣದಿದ್ದರೆ ಅದು ಸುಮ್ನೆ ಉದ್ದನೆ ಕಲ್ಲೂ ಇರಬಹುದು.

ಆ ಉಂಗುರಗಳನ್ನು ಓದಿದವರೂ ಇದ್ದಾರೆ. ಅಮೆರಿಕದ ವಿಜ್ಞಾನಿ ಹೆರಾಲ್ಡ್ ಯೂರಿ ಮತ್ತು ಅವರ ಜೊತೆಗಾರರು ಒಂದು ಬೆಲೆಮ್ನೈಟನ್ನು ಹೊರಗಿನಿಂದ ಒಳಕ್ಕೆ ಪದರ ಪದರವಾಗಿ ಕೆರೆದು, ಪ್ರತಿ ಪದರದ ಆಕ್ಸಿಜನ್ ಅಳೆದರು. ಅದು ಸ್ಕಾಟ್ಲೆಂಡಿನ ಸ್ಕೈ ದ್ವೀಪದ್ದು, ಜುರಾಸಿಕ್ ಕಾಲದ್ದು. ಆಕ್ಸಿಜನ್‌ನಲ್ಲಿ ಹಗುರದ್ದು, ಭಾರದ್ದು ಅಂತ ಇದೆ, ನೀರು ಬಿಸಿಯಿದ್ದಾಗ ಒಂದು ಪ್ರಮಾಣ, ತಣ್ಣಗಿದ್ದಾಗ ಇನ್ನೊಂದು. ಅದರಿಂದ ತಿಳಿದದ್ದು ಇಷ್ಟು: ಆ ಪ್ರಾಣಿ ಸುಮಾರು ನಾಲ್ಕು ವರ್ಷ ಬದುಕಿತ್ತು, ಸತ್ತದ್ದು ವಸಂತ ಕಾಲದಲ್ಲಿ. 1951ರಲ್ಲಿ ಇದು ಪ್ರಕಟವಾಯಿತು. ನಮ್ಮ ಅಜ್ಜನ ಹುಟ್ಟಿದ ತಿಂಗಳು ನಮಗೆ ಸರಿಯಾಗಿ ಗೊತ್ತಿರಲ್ಲ, ಹದಿನೈದು ಕೋಟಿ ವರ್ಷಕ್ಕೂ ಹಿಂದಿನ ಒಂದು ಪ್ರಾಣಿ ಯಾವ ಋತುವಿನಲ್ಲಿ ಸತ್ತಿತು ಅಂತ ಗೊತ್ತು! ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಇಂಗಾಲದ ಐಸೊಟೋಪು (ಅದರಲ್ಲೂ ಇರುವ ಹಗುರ, ಭಾರದ ಬಗೆಗಳು) ಅಳೆಯುವ ಅಳತೆಗೋಲು ಒಂದು ಬೆಲೆಮ್ನೈಟಿನ ಹೆಸರಿನಲ್ಲೇ ಇದೆ. ಆ ಬೆಲೆಮ್ನೈಟ್ ಅಮೆರಿಕದ ಸೌತ್ ಕೆರೊಲಿನಾದ ಪೀಡೀ ಅನ್ನುವ ಕಲ್ಲಿನ ಪದರದ್ದು. ಅದನ್ನು ಅರೆದ ಮೂಲದ ಪುಡಿ ಬಳಸಿ ಬಳಸಿ ಯಾವಾಗಲೋ ಮುಗಿಯಿತು, ಹೆಸರು ಉಳಿಯಿತು.

ಇನ್ನು ಮೊದಲು ಹೇಳಿದ ಇಂಗ್ಲೆಂಡಿನ ಸುಣ್ಣದ ಕಲ್ಲು, ಅಂದರೆ ಚಾಕ್. ಶಾಲೆಯ ಸೀಮೆಸುಣ್ಣ ಅಂದುಕೊಳ್ಳಬೇಡಿ, ಅದು ಈಗ ಹೆಚ್ಚಾಗಿ ಜಿಪ್ಸಂ. ನಿಜವಾದ ಚಾಕ್ ಅಂದರೆ ಮೆತ್ತನೆ ಬಿಳಿ ಸುಣ್ಣದ ಕಲ್ಲು, ಕಣ್ಣಿಗೆ ಕಾಣದಷ್ಟು ಸಣ್ಣ ಸಮುದ್ರ ಪಾಚಿಯ ಚಿಪ್ಪುಗಳು ಬಿದ್ದು ಬಿದ್ದು ಆದದ್ದು. ಇಂಗ್ಲೆಂಡಿನ ಡೋವರ್ ಕಡಲ ದಂಡೆಯ ಬಿಳಿ ಗೋಡೆ ಅದೇ. ಡೆನ್ಮಾರ್ಕ್, ಉತ್ತರ ಫ್ರಾನ್ಸ್, ಜರ್ಮನಿಯ ರ್ಯೂಗನ್ ದ್ವೀಪದಲ್ಲೂ ಇದೆ. ಅದರೊಳಗಿನ ಬೆಲೆಮ್ನೈಟ್ ಜೇನಿನ ಬಣ್ಣ, ಬೆಳಕಿಗೆ ಹಿಡಿದರೆ ಅಂಚು ಅರೆಪಾರದರ್ಶಕ. ಗೋಡೆಗೆ ಸುತ್ತಿಗೆ ಹೊಡೆಯುವವರು ದಡ್ಡರು, ಮೇಲಿನಿಂದ ಕಲ್ಲು ಉರುಳುತ್ತದೆ. ಕೆಳಗೆ ಬಿದ್ದ ಹೆಂಟೆಗಳಲ್ಲಿ ನೋಡಬೇಕು, ಅದೂ ಸಮುದ್ರದ ಉಬ್ಬರ ಇಳಿದ ಹೊತ್ತಿನಲ್ಲಿ. ಸೂಜಿ, ಹಳೆಯ ಹಲ್ಲುಜ್ಜುವ ಬ್ರಷ್, ನೀರು, ಇಷ್ಟಿದ್ದರೆ ಬಿಳಿ ಪುಡಿ ಬಿಡುತ್ತದೆ. ವಿನಿಗರ್, ಆಸಿಡ್ ಮಾತ್ರ ಮುಟ್ಟಿಸಬೇಡಿ. ಚಾಕ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟ್, ಬೆಲೆಮ್ನೈಟ್ ಕೂಡ ಅದೇ, ಎರಡೂ ಒಟ್ಟಿಗೇ ಕರಗುತ್ತವೆ. ಮೂರು ತುಂಡಾಗಿದ್ದರೆ ಮೂರನ್ನೂ ಹೆಕ್ಕಿ, ಚೂಪು ತುದಿ ಮಾತ್ರ ಎತ್ತಿಕೊಂಡು ಬಂದರೆ ಜಾತಿ ಗುರುತಿಸೋದು ಕಷ್ಟ. ದಪ್ಪ ತುದಿಯಲ್ಲಿರುವ ಕುಳಿ, ಸೀಳು ನೋಡಿಯೇ ಹೇಳಬೇಕಾಗುತ್ತದೆ.

ಸರಿ, ನಮ್ಮ ಕಲ್ಲಿಗೆ ಬರೋಣ. ಶಹಾಬಾದ್ ಸುಣ್ಣದ ಕಲ್ಲು ಭೀಮಾ ಕಣಿವೆಯ ಹಳೆಯ ಸಮುದ್ರದ್ದು, 50 ಕೋಟಿ ವರ್ಷಕ್ಕೂ ಹಿಂದಿನದು. ಶಂಖ, ಚಿಪ್ಪು, ಮೀನು ಯಾವುದೂ ಇನ್ನೂ ಹುಟ್ಟಿರಲಿಲ್ಲ. ಬೆಲೆಮ್ನೈಟ್ ಬಂದದ್ದು ಎಷ್ಟೋ ಕೋಟಿ ವರ್ಷ ಆಮೇಲೆ. ಫರ್ಸಿಯ ಮೇಲೆ ಗಿಡದ ಆಕಾರದ ಕಪ್ಪು ಗೆರೆ ಕಂಡರೂ ಹಿಗ್ಗಬೇಡಿ, ಅಂಥವು ಸಾಮಾನ್ಯವಾಗಿ ಬಿರುಕಿನಲ್ಲಿ ನೀರು ಬಿಟ್ಟುಹೋದ ಮ್ಯಾಂಗನೀಸ್.

ಹಾಗಾದರೆ ಆಳಂದ, ಬೀದರ್ ಕಡೆಯ ಕರಿ ಕಲ್ಲು? ಅದು ಲಾವಾ, ದಖ್ಖನ್ ಟ್ರ್ಯಾಪ್, ಸುಮಾರು 6.6 ಕೋಟಿ ವರ್ಷದ್ದು. ಬೆಲೆಮ್ನೈಟುಗಳು ಮುಗಿದುಹೋದದ್ದೂ ಸರಿಸುಮಾರು ಅದೇ ಕಾಲಕ್ಕೆ. ಮೆಕ್ಸಿಕೋದಲ್ಲಿ ಬಿದ್ದ ಉಲ್ಕೆಯ ಪಾಲೆಷ್ಟು, ನಮ್ಮ ಲಾವಾದ ಪಾಲೆಷ್ಟು ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ. ಅಂದರೆ ನಮ್ಮ ಜಿಲ್ಲೆಯಲ್ಲಿ ಒಂದು ಕಲ್ಲು ಅವು ಹುಟ್ಟೋಕೆ ಬಹಳ ಮುಂಚಿನದು, ಇನ್ನೊಂದು ಅವು ಸಾಯುವ ಹೊತ್ತಿನದು. ಅವು ಬದುಕಿದ್ದ ಕಾಲದ ಸಮುದ್ರದ ಪದರ ನಮ್ಮಲ್ಲಿಲ್ಲ.

ಬೇಕೇ ಬೇಕು ಅಂದರೆ ತಮಿಳುನಾಡಿಗೆ ಹೋಗಿ. ಪೆರಂಬಲೂರು ಜಿಲ್ಲೆಯ ಕಾರೈ ಊರಿನ ಹತ್ತಿರ ಮಳೆಗೆ ಕೊರೆದು ಕೊರಕಲು ಬಿದ್ದ ಜೇಡಿಮಣ್ಣಿನ ದಿಬ್ಬಗಳಿವೆ. ಚಾಕ್ ಅಲ್ಲ, ಆದರೆ ಸುಮಾರು 10 ಕೋಟಿ ವರ್ಷದ ಸಮುದ್ರದ ಕೆಸರು. ಬೆಲೆಮ್ನೈಟ್ ತುಂಡುಗಳು ನೆಲದ ಮೇಲೇ ಬಿದ್ದಿರುತ್ತವೆ, ಅಗೆಯೋದೇ ಬೇಡ. ಪಕ್ಕದಲ್ಲೇ ಜಿಪ್ಸಂ ಚೂರುಗಳೂ ಹೊಳೆಯುತ್ತವೆ, ಗೊಂದಲ ಮಾಡಿಕೊಳ್ಳಬೇಡಿ. ಉಗುರಿನಿಂದ ಗೀಚಿದರೆ ಜಿಪ್ಸಂ ಮೇಲೆ ಗೀರು ಬೀಳುತ್ತದೆ, ಬೆಲೆಮ್ನೈಟ್ ಮೇಲೆ ಬೀಳಲ್ಲ. ಜಮೀನು ಯಾರದು ಅಂತ ಕೇಳಿಕೊಂಡು ಹೋಗಿ, ಚೀಲ ತುಂಬಿಕೊಂಡು ಬರಬೇಡಿ. ಒಂದೆರಡು ಸಾಕು, ಪ್ರತಿಯೊಂದರ ಜೊತೆ ಊರು, ಪದರ, ತಾರೀಖು ಬರೆದ ಚೀಟಿ ಇರಲಿ. ಚೀಟಿ ಇಲ್ಲದ ಪಳೆಯುಳಿಕೆ ನನ್ನ ಲೆಕ್ಕದಲ್ಲಿ ಅರ್ಧ ಕಳೆದುಹೋದ ಹಾಗೆಯೇ.

ಅಷ್ಟು ದೂರ ಆಗಲ್ಲ, ಬೆಲೆಮ್ನೈಟ್ ಬಿಟ್ಟು ಬೇರೆ ಪಳೆಯುಳಿಕೆಯಾದರೂ ಸಾಕು ಅನ್ನುವವರಿಗೆ ಯಾದಗಿರಿ ಜಿಲ್ಲೆಯ ಗುರುಮಠಕಲ್ ಇದೆ. ಅಲ್ಲಿ ಲಾವಾ ಪದರಗಳ ನಡುವೆ ಹಳೆಯ ಕೆರೆಗಳ ಕೆಸರು ಗಟ್ಟಿಯಾಗಿ ಉಳಿದಿದೆ. ಒಂದು ಲಾವಾ ತಣ್ಣಗಾಗಿ ಇನ್ನೊಂದು ಬರುವವರೆಗೆ ನೀರು ನಿಂತ ಜಾಗ ಅದು. ಸಿಹಿನೀರಿನ ಆಸ್ಟ್ರಕೋಡ್ ಅನ್ನುವ ಸಾಸಿವೆಗಿಂತ ಸಣ್ಣ ಪ್ರಾಣಿಗಳ ಚಿಪ್ಪು ಅದರಿಂದ ಸಿಕ್ಕಿವೆ. ಅದಕ್ಕೆ ಸುತ್ತಿಗೆಗಿಂತ ಜರಡಿ, ಬಕೆಟ್, ಮೈಕ್ರೋಸ್ಕೋಪ್ ಬೇಕು. ಮಣ್ಣನ್ನು ರಾತ್ರಿ ನೀರಲ್ಲಿ ನೆನೆಸಿಟ್ಟು, ಬೆಳಗ್ಗೆ ಸಣ್ಣ ಜರಡಿಯಲ್ಲಿ ತೊಳೆದು, ಉಳಿದ ಪುಡಿಯನ್ನು ಒಣಗಿಸಿ ನೋಡಬೇಕು. ನಿಮ್ಮ ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಇದ್ದೇ ಇರುತ್ತದೆ, ರಜೆಯಲ್ಲಿ ಕೇಳಿದರೆ ಕೊಡುತ್ತಾರೆ. ನಮಸ್ಕಾರ.