ಕಂಡದ್ದೆಷ್ಟು, ಕೇಳಿದ್ದೆಷ್ಟು: ಕೋಟೆಯ ಕಂಡಕ್ಟರ್ ಅಜ್ಜನ ನೆನಪು

ಹಿರಿಯರೇ, ಅಜ್ಜನ ಮನೆಯವರೇ, ಕೋಟೆ ಬಾಗಿಲಲ್ಲಿ ಅಂಗಡಿ ಇಟ್ಟಿರುವ ಅಣ್ಣಂದಿರೇ, ಗೈಡ್ ಬಂಧುಗಳೇ,

ಇವತ್ತಿನ ಆಹ್ವಾನ ಪತ್ರಿಕೆಯಲ್ಲಿ ಅಜ್ಜನ ಹೆಸರಿನ ಹಿಂದೆ ‘ಇತಿಹಾಸ ತಜ್ಞರು’ ಎಂದು ಹಾಕಿದ್ದಾರೆ. ಅವರಿದ್ದಿದ್ದರೆ ಪೆನ್ನು ಇಸಕೊಂಡು ಅದನ್ನು ಹೊಡೆದು ಹಾಕುತ್ತಿದ್ದರು. ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು ಅವರು, ಊರಿಗೆಲ್ಲ ಕಂಡಕ್ಟರ್ ಅಜ್ಜ. ನಿವೃತ್ತಿ ಆದಮೇಲೆ ನಮ್ಮ ಚಿತ್ರದುರ್ಗದ ಕೋಟೆ ಹತ್ತುವುದನ್ನೇ ಡ್ಯೂಟಿ ಮಾಡಿಕೊಂಡರು. ಬಂದವರಿಗೆ ತೋರಿಸುವರು, ಒಂದು ರೂಪಾಯಿ ಮುಟ್ಟುವವರಲ್ಲ. ತೀರಾ ಬಲವಂತ ಮಾಡಿದರೆ ಕೆಳಗಿಳಿದ ಮೇಲೆ ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿ, ಅದೂ ಹಂಚಿಕೊಂಡು.

ಇಲ್ಲಿ ಕೂತಿರುವ ಗೈಡ್‌ಗಳು ಅವರನ್ನು ಯಾಕೆ ಸಹಿಸಿಕೊಂಡರು ಎಂದು ಹೊರಗಿನವರು ಕೇಳುತ್ತಾರೆ. ಬಿಟ್ಟಿ ತೋರಿಸುವವನೊಬ್ಬ ನಿಂತರೆ ದುಡಿದು ತಿನ್ನುವವರ ಹೊಟ್ಟೆ ಮೇಲೆ ಹೊಡೆದ ಹಾಗಲ್ಲವೇ? ಅಜ್ಜನಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಾರಲ್ಲಿ ಬಂದವರನ್ನು ನಿಮ್ಮ ಕಡೆಗೇ ಕಳಿಸುತ್ತಿದ್ದರು. ತಾವು ಹಿಡಿಯುತ್ತಿದ್ದದ್ದು ಸರ್ಕಾರಿ ಶಾಲೆ ಮಕ್ಕಳನ್ನು, ಹಳ್ಳಿಗಳಿಂದ ಟೆಂಪೋದಲ್ಲಿ ಬರುವ ಸ್ತ್ರೀಶಕ್ತಿ ಸಂಘದ ಹೆಂಗಸರನ್ನು, ಗೈಡ್‌ಗೆ ಕೊಡಲು ಕಾಸಿಲ್ಲದೆ ಬೋರ್ಡು ಓದುತ್ತ ನಿಂತವರನ್ನು.

ಅವರು ಜನಕ್ಕೆ ಹೇಳುತ್ತಿದ್ದ ಮೊದಲ ಮಾತು: “ನೋಡ್ರಪ್ಪಾ, ನಾನು ಹೇಳೋದ್ರಲ್ಲಿ ಎರಡು ನಮೂನೆ ಐತೆ. ಒಂದು ಕಂಡದ್ದು, ಒಂದು ಕೇಳಿದ್ದು. ಎರಡನ್ನೂ ಕಲಸಬ್ಯಾಡ್ರಿ.”

ಹಿಡಿಂಬೇಶ್ವರ ದೇವಸ್ಥಾನದಲ್ಲಿ ಹಿಡಿಂಬಾಸುರನ ಹಲ್ಲು ಎಂದು ತೋರಿಸುತ್ತಾರಲ್ಲ, ಅದರ ಮುಂದೆ ಒಮ್ಮೆ ಒಬ್ಬ ಹುಡುಗ ಗಂಟುಬಿದ್ದ. “ತಾತಾ, ಇದು ನಿಜವಾಗ್ಲೂ ರಾಕ್ಷಸಂದಾ?” ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ನಾನಾಗಿದ್ದರೆ ಮಹಾಭಾರತದ ಕಥೆ ಊರೂರಿಗೂ ಹೇಗೆ ಅಂಟಿಕೊಂಡಿತು ಎಂದು ಕಾಲು ಗಂಟೆ ಕೊರೆಯುತ್ತಿದ್ದೆ. ಅಜ್ಜ ಹೇಳಿದ್ದು ಇಷ್ಟೇ: “ಹಲ್ಲು ಐತೆ, ಅದು ಕಂಡದ್ದು. ಯಾರದು ಅನ್ನೋದು ಕೇಳಿದ್ದು.” ಹುಡುಗ ಪೂಜಾರರ ಮುಖ ನೋಡಿದ. ಪೂಜಾರರೂ ನಕ್ಕರು. ಭಕ್ತಿಗೂ ಪೆಟ್ಟಿಲ್ಲ, ಬುದ್ಧಿಗೂ ಮೋಸವಿಲ್ಲ. ಇಷ್ಟು ಹದವಾಗಿ ಹೇಳುವುದು ನಮ್ಮ ಸೆಮಿನಾರುಗಳಲ್ಲಿ ಅಪರೂಪ.

ಸಿಡಿಮದ್ದು ಬೀಸುವ ಕಲ್ಲುಗಳ ಗುಂಡಿಯಲ್ಲೂ ಇದೇ ರೀತಿ. ಅಂಚಿಗೆ ಕಚ್ಚು ಹೊಡೆದ ನಾಲ್ಕು ಭಾರೀ ಕಲ್ಲು. ಆನೆ ತಿರುಗಿಸುತ್ತಿತ್ತು ಎನ್ನುವವರುಂಟು, ಎತ್ತು ಎನ್ನುವವರುಂಟು. ಅಜ್ಜ ಮಕ್ಕಳನ್ನು ಅಂಚಿಗೆ ಕೂರಿಸಿ ಕಚ್ಚಿನ ಮೇಲೆ ಬೆರಳಾಡಿಸಲು ಹೇಳುತ್ತಿದ್ದರು. “ಕಚ್ಚು ಕಂಡದ್ದು. ಆನೆ ಕೇಳಿದ್ದು.”

ಆದರೆ ಅವರ ಜೀವ ಇದ್ದದ್ದು ನೀರಿನಲ್ಲಿ. ನಮ್ಮದು ಬರದ ಜಿಲ್ಲೆ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ. ಅಂಥ ಕಡೆ ಬಂಡೆಗಳ ಮೇಲೊಂದು ಊರು ಹೇಗೆ ಬಾಳಿತು? ಎಲ್ಲರೂ ಏಳು ಸುತ್ತಿನ ಗೋಡೆ ಎಣಿಸುತ್ತಿದ್ದರೆ ಅಜ್ಜ ಹೊಂಡಗಳ ಜಾಡು ಹಿಡಿಯುತ್ತಿದ್ದರು. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿ ಹರಿದರೆ ಅಕ್ಕ-ತಂಗಿಯರ ಹೊಂಡ, ಹಾಗೇ ಇಳಿದು ಇಳಿದು ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆಹೊಂಡದವರೆಗೆ. “ಮೇಲ್ಮನೆಯವ್ರು ಉಂಡು ಕೆಳಮನೆಗೆ ಬುತ್ತಿ ಕಳಿಸ್ದಂಗೆ” ಎನ್ನುತ್ತಿದ್ದರು. ಜೋರು ಮಳೆ ಹೊಯ್ದ ಮರುದಿನ ಅವರಿಗೆ ಹಬ್ಬ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ನೀರು ಯಾವ ಸಂದಿಯಿಂದ ಇಳಿಯುತ್ತಿದೆ ಎಂದು ಕೋಲಿನಿಂದ ತೋರಿಸುವರು. ಆ ವಯಸ್ಸಿನಲ್ಲಿ ಅದು ಬೇಡದ ಸಾಹಸ ಎಂದು ಮನೆಯವರ ಜೊತೆ ನಾನೂ ಹೇಳಿ ಸೋತಿದ್ದೇನೆ.

ಓಬವ್ವನ ಕಿಂಡಿಯ ಬಳಿಯೂ ಅವರು ಶುರು ಮಾಡುತ್ತಿದ್ದದ್ದು ಒನಕೆಯಿಂದಲ್ಲ, ತಣ್ಣೀರು ದೋಣಿ ಎಂಬ ನೀರಿನ ತಾಣದಿಂದ. ಗಂಡ ಉಣ್ಣಲು ಕೂತಿದ್ದಾನೆ, ಓಬವ್ವ ನೀರು ತರಲು ಬಂದಿದ್ದಾಳೆ, ಕಿಂಡಿಯಲ್ಲಿ ಸದ್ದಾಗಿದೆ. “ಆಯಮ್ಮ ಯುದ್ಧಕ್ಕೆ ಬಂದೋಳಲ್ಲ, ನೀರಿಗೆ ಬಂದೋಳು.” ಹಳ್ಳಿ ಹೆಂಗಸರು ಈ ಮಾತಿಗೆ ತಟ್ಟನೆ ಮೌನವಾಗುತ್ತಿದ್ದರು, ಕೊಡ ಹೊತ್ತವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಆಮೇಲೆ ಒಬ್ಬೊಬ್ಬರೇ ಕಿಂಡಿಯಲ್ಲಿ ತೂರಿ ನೋಡಿ, “ಅಯ್ಯೋ, ನಮ್ಮೋರಾಗಿದ್ರೆ ಹೊಟ್ಟೆ ಸಿಕ್ಕಾಕ್ಕೊಂಬಿಡ್ತಿತ್ತು” ಎಂದು ನಗುವರು.

ನನ್ನದೊಂದು ತಕರಾರು ಹೇಳಿಬಿಡುತ್ತೇನೆ, ಸತ್ತವರ ಬಗ್ಗೆ ಬರೀ ಹೊಗಳಿದರೆ ಅಜ್ಜನಿಗೇ ಸೇರುತ್ತಿರಲಿಲ್ಲ. ನಾಯಕರ ವಿಷಯದಲ್ಲಿ ಅವರು ತೀರಾ ಜಿಪುಣರು. “1779ರಾಗೆ ಹೈದರಾಲಿ ಕೋಟೆ ತಗೊಂಡ, ಮದಕರಿ ನಾಯಕನ್ನ ಶ್ರೀರಂಗಪಟ್ಣಕ್ಕೆ ಒಯ್ದ, ನಡೀರಿ ಮುಂದೆ.” ಮುಗಿಯಿತು! ಈ ಹೊಂಡಗಳನ್ನು ಕಟ್ಟಿಸಿದ್ದು, ಕಾಪಾಡಿದ್ದು ಆಳಿದವರ ಕೆಲಸವೂ ಅಲ್ಲವೇ ಎಂದು ನಾನು ಕೇಳಿದರೆ, ಬಂಡೆ ಮೇಲೆ ಸಾಲಾಗಿರುವ ಗುಳಿಗಳನ್ನು ತೋರಿಸುವರು, ಕಲ್ಲು ಸೀಳಲು ಉಳಿ ಇಟ್ಟು ಹೊಡೆದ ಗುಳಿಗಳು. “ಇವನ ಹೆಸ್ರು ಹೇಳು ಮೇಷ್ಟ್ರೇ, ಆಮ್ಯಾಕೆ ನಿನ್ನ ನಾಯಕರ ಹೆಸ್ರು ಹೇಳ್ತೀನಿ.” ಇದು ಉತ್ತರವಲ್ಲ, ಜಾಣತನ. ಈಗಲೂ ನಾನು ಒಪ್ಪಿಲ್ಲ.

ಕೋಟೆ ಹತ್ತಿರದ ಹಳೆಯ ನೆಲೆ ಚಂದ್ರವಳ್ಳಿಗೆ ಅವರು ಕಡಿಮೆ ಹೋಗುತ್ತಿದ್ದರು, ಅದು ನನ್ನ ಪಾಲು ಎಂದು ಬಿಟ್ಟಿದ್ದರು. ಅಲ್ಲಿನ ಕದಂಬ ದೊರೆ ಮಯೂರಶರ್ಮನ ಶಾಸನದ ಮುಂದೆ ಮಾತ್ರ ಒಮ್ಮೆ ನಿಂತು, ಅದರಲ್ಲಿ ಕೆರೆಯ ವಿಷಯ ಇದೆ ಎಂದಾಗ ಮುಖ ಅರಳಿತು. “ನೋಡಿದ್ಯಾ, ಅವನ್ಗೂ ನೀರೇ!”

ಮೂರ್ತಿ ಮಾಡಿಸೋಣ, ರಸ್ತೆಗೆ ಹೆಸರಿಡೋಣ ಎಂಬ ಮಾತು ಈ ಸಭೆಯಲ್ಲೇ ಬಂತು. ನನಗೆ ಅದರಲ್ಲಿ ಆಸಕ್ತಿಯಿಲ್ಲ. ಬದಲಿಗೆ, ಇಲ್ಲಿರುವ ನಮ್ಮ ವಿದ್ಯಾರ್ಥಿಗಳಲ್ಲಿ ಐದಾರು ಜನ ಸಾಕು, ಅಜ್ಜನ ಹೊಂಡದ ಜಾಡನ್ನು ಕಲಿತು ಭಾನುವಾರಗಳನ್ನು ಹಂಚಿಕೊಳ್ಳಬೇಕು. ಕಲಿಸಲು ಗೈಡ್ ಅಣ್ಣಂದಿರು ಒಪ್ಪಿದ್ದಾರೆ. ಬರುವ ಭಾನುವಾರ ಬೆಳಗ್ಗೆ ಆರೂವರೆಗೆ ರಂಗಯ್ಯನ ಬಾಗಿಲ ಹತ್ತಿರ ಸೇರೋಣ. ಜಾರದ ಶೂ ಹಾಕಿ ಬನ್ನಿ, ತಲೆಗೊಂದು ಟೋಪಿ ಇರಲಿ. ಹೆಸರು ಬರೆಸುವವರಿಗೆ ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕ ಇಟ್ಟಿದ್ದೇವೆ, ಕಾಫಿಗೆ ಹೋಗುವ ಮುಂಚೆ ಬರೆಸಿ.