ಹುಲಿಯ ಬಾಯಲ್ಲಿ ಮರಿ: ವೇದ ಹೇಳುವ ಬಗೆ

ಕೇಳುಗರಿಗೆ ನಮಸ್ಕಾರ.

"ಊಟ ಆಯ್ತು" ಅಂತ ಒಮ್ಮೆ ಹೇಳಿ ನೋಡಿ. ಈಗ ಕೊನೆಯಲ್ಲಿ ದನಿ ಸ್ವಲ್ಪ ಏರಿಸಿ: "ಊಟ ಆಯ್ತು?" ಅಕ್ಷರ ಅವೇ. ಆದರೆ ಮೊದಲನೆಯದು ಉತ್ತರ, ಎರಡನೆಯದು ಪ್ರಶ್ನೆ. ವೇದ ಹೇಳುವವರು ದನಿಯ ಏರಿಳಿತಕ್ಕೆ ಯಾಕಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ತಿಳಿಯಲು ಇಷ್ಟು ಸಾಕು, ಅಲ್ವಾ?

ವೇದದ ಸ್ವರಗಳು, ಅಂದರೆ ದನಿಯ ಏರಿಳಿತಗಳು, ಮೂರು: ಉದಾತ್ತ (ಏರಿದ ದನಿ), ಅನುದಾತ್ತ (ಇಳಿದ ದನಿ), ಸ್ವರಿತ (ಎರಡೂ ಬೆರೆತದ್ದು). ಇದರ ಬಗ್ಗೆ ಹಳೆಯ ಕಥೆಯೊಂದಿದೆ. ತ್ವಷ್ಟೃ ಎಂಬುವನ ಮಗನನ್ನು ಇಂದ್ರ ಕೊಂದ. ಸೇಡು ತೀರಿಸಿಕೊಳ್ಳಲು ತ್ವಷ್ಟೃ ಯಾಗ ಮಾಡಿದ. "ಇಂದ್ರಶತ್ರುವೇ, ಬೆಳೆ" ಎಂದ. ಇಂದ್ರನನ್ನು ಕೊಲ್ಲುವವನು ಹುಟ್ಟಲಿ ಎಂಬುದು ಅವನ ಆಸೆ. ಉದಾತ್ತ ಸ್ವರ ಮಾತ್ರ ಆ ಪದದ ಕೊನೆಗೆ ಬೀಳುವ ಬದಲು ಮೊದಲಿಗೆ ಬಿತ್ತು. ಅರ್ಥ ತಿರುಗಿತು: ಇಂದ್ರನೇ ಯಾರನ್ನು ಕೊಲ್ಲುತ್ತಾನೋ ಅವನು! ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ.

ಇಂಥ ತಪ್ಪು ಆಗದಿರಲಿ ಎಂದೇ ವೇದವನ್ನು ಓದಿ ಕಲಿಯುವುದಿಲ್ಲ, ಕೇಳಿ ಕಲಿಯುತ್ತಾರೆ. ಗುರು ಒಂದು ಸಲ ಹೇಳಿದ್ದನ್ನು ಶಿಷ್ಯರು ಎರಡು ಸಲ ಹೇಳುತ್ತಾರೆ. ವೇದಕ್ಕೆ ಶ್ರುತಿ, ಅಂದರೆ ಕೇಳಿದ್ದು, ಎಂಬ ಹೆಸರೂ ಇದೆ. ಋಗ್ವೇದದ 1,028 ಸೂಕ್ತಗಳು ಬಾಯಿಂದ ಕಿವಿಗೆ ಹೀಗೆಯೇ ಬಂದವು.

ಬಾಯಿಪಾಠ ಜಾರದಂತೆ ಹಿಂದಿನವರು ಭದ್ರ ಬೀಗವನ್ನೂ ಹಾಕಿದ್ದಾರೆ. "ಗಣಾನಾಂ ತ್ವಾ" ಎಂಬ ಎರಡು ಪದ ತೆಗೆದುಕೊಳ್ಳಿ. ಜಟಾಪಾಠದಲ್ಲಿ ಅದು "ಗಣಾನಾಂ ತ್ವಾ, ತ್ವಾ ಗಣಾನಾಂ, ಗಣಾನಾಂ ತ್ವಾ" ಆಗುತ್ತದೆ. ಮುಂದೆ, ಹಿಂದೆ, ಮತ್ತೆ ಮುಂದೆ, ಜಡೆ ಹೆಣೆದ ಹಾಗೆ. ಘನಪಾಠಕ್ಕೆ ಬಂದರೆ ಮೂರು ಪದಗಳೇ ಸೇರಿ ಹದಿಮೂರು ಸಲ ಬರುತ್ತವೆ. ಸುಮ್ನೆ ಕಸರತ್ತು ಅನ್ನಿಸಬಹುದು. ಆದರೆ ನಡುವೆ ಒಂದು ಪದ ಬಿಟ್ಟುಹೋದರೆ ಹೆಣಿಗೆಯೇ ಬಿಚ್ಚಿಕೊಳ್ಳುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಈ ಪರಂಪರೆಯನ್ನು ಯುನೆಸ್ಕೊ 2003ರಲ್ಲಿ ಮನುಕುಲದ ಆಸ್ತಿ ಎಂದು ಸಾರಿತು.

ಉಚ್ಚಾರಣೆಯ ಬಗ್ಗೆ ನನಗೆ ತುಂಬ ಇಷ್ಟವಾದ ಮಾತು ಪಾಣಿನೀಯ ಶಿಕ್ಷೆ ಎಂಬ, ಉಚ್ಚಾರಣೆ ಕಲಿಸುವ ಹಳೆಯ ಗ್ರಂಥದಲ್ಲಿದೆ. ಹೆಣ್ಣು ಹುಲಿ ಮರಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹೋಗುತ್ತದಲ್ಲ, ಬೀಳಲೂ ಬಾರದು, ಗಾಯವಾಗಲೂ ಬಾರದು. ಅಕ್ಷರವನ್ನು ಹಾಗೆ ಹಿಡಿಯಬೇಕಂತೆ. ಅದೇ ಗ್ರಂಥ ಕೆಟ್ಟದಾಗಿ ಪಾಠ ಹೇಳುವವರು ಯಾರು ಯಾರು ಅಂತಲೂ ಹೇಳುತ್ತದೆ: ಹಾಡಿನಂತೆ ಎಳೆಯುವವನು, ಅವಸರದವನು, ತಲೆ ಕುಣಿಸುವವನು, ಬರೆದದ್ದನ್ನು ನೋಡಿ ಹೇಳುವವನು, ದನಿ ಸಣ್ಣದಾದವನು. ಜೊತೆಗೆ ಇನ್ನೊಬ್ಬನಿದ್ದಾನೆ, ಅರ್ಥ ತಿಳಿಯದವನು!

ಅರ್ಥ ಬೇಕೇ ಬೇಕಾ? ಇದು ಇಂದಿನ ಪ್ರಶ್ನೆಯಲ್ಲ. ಮಂತ್ರಗಳಿಗೆ ಅರ್ಥವೇ ಇಲ್ಲ ಎಂದು ಕೌತ್ಸ ಎಂಬ ಹಿಂದಿನ ಕಾಲದ ಪಂಡಿತ ವಾದಿಸಿದ್ದ. ಯಾಸ್ಕ ಎಂಬ ಪಂಡಿತ, ವೇದದ ಪದಗಳ ಅರ್ಥ ಬಿಡಿಸುವ ತನ್ನ ನಿರುಕ್ತ ಎಂಬ ಗ್ರಂಥದಲ್ಲಿ, ಆ ವಾದವನ್ನು ಬಚ್ಚಿಡದೆ ಬರೆದು ಉತ್ತರ ಕೊಟ್ಟ. ಅರ್ಥ ತಿಳಿಯದೆ ವೇದ ಕಲಿತವನು ಹೊರೆ ಹೊತ್ತ ಕಂಬ ಎಂಬ ಮಾತು ಅಲ್ಲೇ ಇದೆ. ಹದಿನಾಲ್ಕನೇ ಶತಮಾನದಲ್ಲಿ, ವಿಜಯನಗರದ ಬುಕ್ಕರಾಯನ ಕಾಲದಲ್ಲಿ, ಸಾಯಣಾಚಾರ್ಯರು ವೇದಗಳಿಗೆ ಭಾಷ್ಯ ಬರೆದರು.

ನನ್ನನ್ನು ಕೇಳಿದರೆ, ಅರ್ಥ ಗೊತ್ತಿಲ್ಲದೆ ಕಣ್ಣು ಮುಚ್ಚಿ ಕೇಳುವವರ ಭಕ್ತಿ ಕಡಿಮೆಯದಲ್ಲ. ಆದರೆ ಗೊತ್ತಾದರೆ ಸಿಗುವುದು ಜಾಸ್ತಿ. ಶಿವನ ಅಭಿಷೇಕದ ಹೊತ್ತಲ್ಲಿ ಹೇಳುವ ರುದ್ರ ಮಂತ್ರದ ನಮಕ ಎಂಬ ಭಾಗವನ್ನೇ ನೋಡಿ. ನಮಗೆ ಕೇಳುವುದು ಸಾಲುಸಾಲು "ನಮಃ". ಆ ನಮಸ್ಕಾರ ಯಾರಿಗೆ? ಬಡಗಿಗೆ, ರಥ ಮಾಡುವವನಿಗೆ, ಕುಂಬಾರನಿಗೆ, ಕಮ್ಮಾರನಿಗೆ. "ತಸ್ಕರಾಣಾಂ ಪತಯೇ ನಮಃ", ಕಳ್ಳರ ಒಡೆಯನಿಗೂ ನಮಸ್ಕಾರ. ಎಲ್ಲರಲ್ಲೂ ರುದ್ರನೇ ಕಾಣುತ್ತಾನೆ. ಮುಂದಿನ ಸಲ ರುದ್ರ ಮಂತ್ರ ಕೇಳುವಾಗ ಆ ಕುಂಬಾರ ಎಲ್ಲಿ ಬರುತ್ತಾನೆ ಅಂತ ಕಿವಿಗೊಟ್ಟು ನೋಡಿ. "ಕುಲಾಲೇಭ್ಯಃ" ಅಂದಾಗ ಬಂದವನು ಅವನೇ.

ನಮಸ್ಕಾರ.